ಹುಲಿಗೆಮ್ಮಕ್ಕನ ಬೆಕ್ಕಿಗೆ ನಾನು ಹಚ್ಚಿದ ಸುಗಂಧ

ಮೊನ್ನೆ ಗ್ಯಾಸ್ ಪುಸ್ತಕ ಹುಡುಕಲು ಬೀರುವಿನ ಮೇಲಿನ ರಟ್ಟಿನ ಡಬ್ಬಗಳಲ್ಲಿ ಕೈಯಾಡಿಸುತ್ತಿದ್ದೆ. ಹೆಬ್ಬೆರಳುದ್ದದ ಕಂದು ಬಣ್ಣದ ಸೀಸೆಯೊಂದು ಉರುಳಿ ಬಂದು ನನ್ನ ಪಾದದ ಮೇಲೆ ಬಿತ್ತು. ಒಳಗೆ ಒಂದು ಹನಿಯೂ ಇರಲಿಲ್ಲ. ಆದರೂ ಮೂಗಿಗೆ ಹಿಡಿದೆ. ಎರಡು ಸೀನು ಬಂದವು, ಅವುಗಳ ಹಿಂದೆಯೇ ನಾಚಿಕೆಯೂ ಬಂತು. ಸೀನು ನಿಂತಿತು, ನಾಚಿಕೆ ನಿಲ್ಲಲಿಲ್ಲ. ಗ್ಯಾಸ್ ಪುಸ್ತಕ ಈ ತನಕ ಸಿಕ್ಕಿಲ್ಲ. ಹಾಗಾಗಿ ಸದ್ಯಕ್ಕೆ ಸಿಕ್ಕಿದ್ದನ್ನೇ ಹೇಳಿಬಿಡುತ್ತೇನೆ.

ನಾನು ಕೂಡ್ಲಿಗಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಕಲಿಸುವುದು ವಿಜ್ಞಾನ. ಇದನ್ನು ಮೊದಲೇ ಹೇಳುವುದು ಒಳ್ಳೆಯದು. ಇಲ್ಲವಾದರೆ ಮುಂದಿನದನ್ನು ಓದುವಾಗ ಇವನು ಹಿಂದಿ ಮೇಷ್ಟ್ರೋ ಡ್ರಿಲ್ ಮೇಷ್ಟ್ರೋ ಇರಬೇಕು ಎಂದು ನೀವು ಆ ಅಮಾಯಕರ ಮೇಲೆ ಅನುಮಾನ ಪಡುತ್ತೀರಿ. ನನ್ನ ಹೆಂಡತಿ ಶಾಂತಾ ಹಡಗಲಿಯ ಆಸ್ಪತ್ರೆಯೊಂದರಲ್ಲಿ ನರ್ಸು. ವಾರವಿಡೀ ಅಲ್ಲಿದ್ದು ಶನಿವಾರ ಸಂಜೆಯ ಬಸ್ಸಿಗೆ ಬರುತ್ತಾಳೆ. ಬರುವಾಗ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ತರುತ್ತಾಳೆ. ಆ ಎರಡು ದಿನ ನಮ್ಮ ಮನೆಯಲ್ಲಿ ಹಡಗಲಿಯ ಮಲ್ಲಿಗೆಯ ವಾಸನೆ. ಉಳಿದ ಐದು ದಿನ ನನ್ನ ವಾಸನೆ.

ಸುವಾಸನೆಯ ಮೇಲಿನ ನನ್ನ ಹುಚ್ಚು ಇಂದಿನದಲ್ಲ. ನಾನು ಹುಟ್ಟಿ ಬೆಳೆದದ್ದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿ. ಅಪ್ಪ ಊರಾಚೆಯ ಚರ್ಮದ ಮಂಡಿಯಲ್ಲಿ ಕೂಲಿಗಿದ್ದ. ಹಸಿ ಚರ್ಮಕ್ಕೆ ಹರಳುಪ್ಪು ತಿಕ್ಕಿ ಒಂದರ ಮೇಲೊಂದು ಅಟ್ಟಿ ಹಾಕುವುದು ಅವನ ಕೆಲಸ. ಆ ವಾಸನೆ ಸಂಜೆ ಅವನ ಜೊತೆಗೇ ಮನೆಗೆ ಬರುತ್ತಿತ್ತು. ಅವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಪಕ್ಕದ ಗೂಟದಲ್ಲಿದ್ದ ನನ್ನ ಶಾಲೆಯ ಅಂಗಿಗೂ ಹತ್ತಿಕೊಳ್ಳುತ್ತಿತ್ತು. ನಮಗೆ ಅದೊಂದು ವಾಸನೆ ಎಂದೇ ಗೊತ್ತಿರಲಿಲ್ಲ. ಅಪ್ಪ ಬಂದ ಎಂದು ಗೊತ್ತಾಗುತ್ತಿತ್ತು, ಅಷ್ಟೆ. ಐದನೇ ತರಗತಿಯಲ್ಲಿದ್ದಾಗ ಮೇಷ್ಟ್ರು ಒಂದು ದಿನ ನನ್ನನ್ನು ಎಬ್ಬಿಸಿ ಕಿಟಕಿಯ ಪಕ್ಕಕ್ಕೆ ಕೂರಿಸಿದರು. ನಾನು ಹಿಗ್ಗಿಹೋದೆ. ಹೊರಗೆ ಬೇವಿನ ಮರ, ತಣ್ಣನೆಯ ಗಾಳಿ, ಓಡಾಡುವ ಎತ್ತಿನ ಗಾಡಿ. ಮನೆಗೆ ಹೋದವನೇ ಅವ್ವನ ಮುಂದೆ, "ಇಡೀ ಕ್ಲಾಸಿನ್ಯಾಗ ನನಗೊಬ್ಬನಿಗಾ ಕಿಟಕಿ ಕೊಟ್ಟಾರ" ಎಂದು ಜಂಬ ಕೊಚ್ಚಿದೆ. ಅವ್ವ ಮರುದಿನದಿಂದ ನನ್ನ ಅಂಗಿಯನ್ನು ಅಡುಗೆಮನೆಯ ಗೂಟಕ್ಕೆ ಹಾಕತೊಡಗಿದಳು. ಆ ಕಿಟಕಿ ನನಗೇಕೆ ಸಿಕ್ಕಿತೆಂದು ನನ್ನ ತಲೆಗೆ ಹೊಳೆಯಲು ಎರಡು ವರ್ಷ ಬೇಕಾಯಿತು. ಬುದ್ಧಿವಂತ ಹುಡುಗನೆಂದು ಆಗಲೇ ನನಗೆ ಹೆಸರಿತ್ತು.

ಹೊಳೆದ ಮೇಲೆ ಸುಮ್ಮನಿರಲಿಲ್ಲ. ಅಂದಿನಿಂದ ಇಂದಿನವರೆಗೆ ನಾನು ಬಳಸಿದ ಸೋಪು, ಪೌಡರು, ಅತ್ತರು, ಊದುಬತ್ತಿ, ಕರ್ಪೂರ ಇವನ್ನೆಲ್ಲ ಒಟ್ಟಿದರೆ ಒಂದು ಕಿರಾಣಿ ಅಂಗಡಿಯೇ ಆದೀತು. ಬಿ.ಎಡ್. ಓದುವಾಗ ನಾನು ಮುಖಕ್ಕೆ ಬಳಿದುಕೊಳ್ಳುತ್ತಿದ್ದ ಪೌಡರು ನೋಡಿ ಗೆಳೆಯರು, "ಎಣ್ಣಿ ಕಾದೈತಿ, ಹಿಟ್ಟು ಹಚ್ಚಿದ ಮಿರ್ಚಿ ಬಿಡ್ರಲೇ" ಎನ್ನುತ್ತಿದ್ದರು. ಈಗಲೂ ನನ್ನ ಸ್ಕೂಟರ್ ಯಾವ ಓಣಿಯಲ್ಲಿ ಹೋಯಿತೆಂದು ಎರಡು ನಿಮಿಷ ತಡವಾಗಿ ಬಂದ ಹುಡುಗರೂ ಹೇಳಬಲ್ಲರು. ಶಾಲೆಯಲ್ಲಿ ನಾನು ಇಲ್ಲದಾಗ ಗಲಾಟೆ ಮಾಡಿ, ನಾನು ಬರುವುದರೊಳಗೆ ಸುಮ್ಮನಾಗಲು ಮಕ್ಕಳಿಗೆ ಇದರಿಂದ ಬಹಳ ಅನುಕೂಲವಾಗಿದೆ.

ಇಂಥವನ ಮೊಬೈಲಿನಲ್ಲಿ ಒಂದು ದಿನ ಡಿಫ್ಯೂಸರ್ ಎಂಬ ಯಂತ್ರ ಕಾಣಿಸಿಕೊಂಡಿತು. ಕಳೆದ ಚಳಿಗಾಲದ ಮಾತು. ಚಳಿಗೂ ಸೀಮೆಸುಣ್ಣದ ಪುಡಿಗೂ ನನ್ನ ಮೂಗು ಕಟ್ಟಿ ಒಂದು ತಿಂಗಳಾಗಿತ್ತು. ಮೊಬೈಲಿನ ಹೆಣ್ಣುಮಗಳು ಕಣ್ಣು ಮುಚ್ಚಿ ಉಸಿರೆಳೆದು, ಸುಗಂಧ ತೈಲಗಳಿಂದ ಮೂಗು ಬಿಚ್ಚುತ್ತದೆ, ಮನಸ್ಸು ಹಗುರಾಗುತ್ತದೆ, ನಿದ್ದೆ ಬರುತ್ತದೆ, ಎಲ್ಲವೂ ನೈಸರ್ಗಿಕ, ಯಾವ ಅಪಾಯವೂ ಇಲ್ಲ ಎಂದಳು. ನನಗೆ ಅವಳ ಮಾತಿಗಿಂತ ಅವಳ ಮೂಗು ಸಲೀಸಾಗಿ ಉಸಿರೆಳೆದ ರೀತಿ ಹಿಡಿಸಿತು. ತರಿಸಿಬಿಟ್ಟೆ. ದೊಡ್ಡ ಈರುಳ್ಳಿಯ ಆಕಾರದ ಬಿಳಿ ಯಂತ್ರ. ನೀರು ಹಾಕಿ, ಮೇಲೆ ನಾಲ್ಕು ಹನಿ ಎಣ್ಣೆ ಬಿಟ್ಟು ಗುಂಡಿ ಒತ್ತಿದರೆ ತಲೆಯಿಂದ ಸಣ್ಣಗೆ ಮಂಜು ಏಳುತ್ತದೆ, ಹೊಟ್ಟೆಯಲ್ಲಿ ನೀಲಿ ದೀಪ ಉರಿಯುತ್ತದೆ. ಜೊತೆಗೆ ನಾಲ್ಕು ಸೀಸೆ: ನೀಲಗಿರಿ, ನಿಂಬೆಹುಲ್ಲು, ಲ್ಯಾವೆಂಡರ್, ಟೀ ಟ್ರೀ. ಬುದ್ಧನ ಪಟದ ಕೆಳಗಿನ ಸ್ಟೂಲಿನ ಮೇಲೆ ಯಂತ್ರವನ್ನು ಸ್ಥಾಪಿಸಿದೆ. ನಾಲ್ಕು ಹನಿ ಎಂದಿದ್ದಲ್ಲಿ ಹನ್ನೆರಡು ಬಿಟ್ಟೆ. ಸುಗಂಧ ಹೊರಗೆ ಹೋಗಿ ಓಣಿಯ ಪಾಲಾಗಬಾರದೆಂದು ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದೆ.

ಇನ್ನು ಬೆಕ್ಕಿನ ವಿಷಯ. ಬೆಕ್ಕು ನನ್ನದಲ್ಲ, ಪಕ್ಕದ ಮನೆಯ ಹುಲಿಗೆಮ್ಮಕ್ಕನದು. ಹುಲಿಗೆಮ್ಮಕ್ಕ ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಾಳೆ. ಹದಿನೈದು ವರ್ಷದ ಅನುಭವ. ಅಕ್ಕಿ ಮೂಟೆ ಬಿಚ್ಚಿದೊಡನೆ ಬಾಗಿಲಲ್ಲಿ ನಿಂತೇ ಮೂಸಿ, ಇದು ಮುಗ್ಗಲು ಹಿಡಿದಿದೆ, ಇದು ಹಿಡಿದಿಲ್ಲ ಎಂದು ಹೇಳುತ್ತಾಳಂತೆ. ಬಿಳಿಯ ಆ ಬೆಕ್ಕು ಹುಟ್ಟಿದ್ದು ಅವಳ ಸೌದೆಯ ಒಟ್ಟಿಲಿನಲ್ಲಿ. ಊಟಕ್ಕೆ ಅವಳ ಮನೆ, ನಿದ್ದೆಗೆ ನನ್ನ ಮನೆ ಎಂದು ಅದು ತಾನೇ ಗೊತ್ತು ಮಾಡಿಕೊಂಡಿತ್ತು. ನಾನು ಅದಕ್ಕೆ ಮಲ್ಲಿಗೆ ಎಂದು ಹೆಸರಿಟ್ಟಿದ್ದೆ. ಹುಲಿಗೆಮ್ಮಕ್ಕ ಅದನ್ನು ಬೆಕ್ಕ ಎಂದೇ ಕರೆಯುತ್ತಿದ್ದಳು. "ಮಲ್ಲಿಗೇ" ಎಂದು ನಾನು ರಾಗವಾಗಿ ಕರೆದರೆ ಕಿವಿಯನ್ನೂ ಅಲ್ಲಾಡಿಸದ ಅದು, "ಏ ಬೆಕ್ಕ" ಎಂದು ಆಚೆಯಿಂದ ಒಂದು ಕೂಗು ಬಂದರೆ ಕಾಂಪೌಂಡು ಹಾರಿ ಓಡುತ್ತಿತ್ತು.

ಯಂತ್ರ ಬಂದು ವಾರವಾಗಿರಬಹುದು. ಬೆಕ್ಕು ಮೈ ಕೆರೆದುಕೊಳ್ಳತೊಡಗಿತು. ಕತ್ತಿನ ಕೂದಲು ಸರಿಸಿ ನೋಡಿದರೆ ಚಿಗಟ. ಮತ್ತೆ ಮೊಬೈಲು ತೆಗೆದೆ. ಟೀ ಟ್ರೀ ಎಣ್ಣೆಯ ವಾಸನೆಗೆ ಚಿಗಟ ಓಡಿಹೋಗುತ್ತವೆ ಎಂದು ಯಾರೋ ಬರೆದಿದ್ದರು. ಬರೆದವರು ಯಾರು, ಅವರ ಮನೆಯಲ್ಲಿ ಬೆಕ್ಕಿದೆಯೋ ಇಲ್ಲವೋ ನೋಡಲಿಲ್ಲ. ಮಕ್ಕಳಿಗೆ "ಯಾವುದನ್ನೂ ಪರೀಕ್ಷಿಸದೆ ನಂಬಬೇಡಿ" ಎಂದು ಬೆಳಿಗ್ಗೆಯಷ್ಟೇ ಬೋರ್ಡಿನ ಮೇಲೆ ಬರೆದು ಬಂದಿದ್ದೆ. ಸಂಜೆ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು, ಸೀಸೆಯಿಂದ ನೇರವಾಗಿ, ಏನನ್ನೂ ಬೆರೆಸದೆ, ಕತ್ತಿನಿಂದ ಬಾಲದವರೆಗೆ ಎಣ್ಣೆ ತಿಕ್ಕಿದೆ. ಅದು ಕೊಸರಿಕೊಂಡು ಇಳಿಯಿತು. ಬಾಗಿಲ ಹತ್ತಿರ ಹೋಗಿ ಉಗುರಿನಿಂದ ಕೆರೆಯಿತು, ನನ್ನತ್ತ ತಿರುಗಿ ಕೂಗಿತು. ಪಾಪ, ಹೊರಗೆ ಚಳಿ ಎಂದುಕೊಂಡು ನಾನು ಅಗಳಿ ಹಾಕಿದೆ. ಆಮೇಲೆ ಅದರ ನೆಮ್ಮದಿಗೆಂದು ಯಂತ್ರಕ್ಕೆ ಇನ್ನೂ ನಾಲ್ಕು ಹನಿ ನೀಲಗಿರಿ ಸೇರಿಸಿದೆ. ಬಾಗಿಲು ಕೆರೆದ ಆ ಸದ್ದು ನನಗೆ ಈಗಲೂ ಒಮ್ಮೊಮ್ಮೆ ಕೇಳುತ್ತದೆ.

ಬೆಳಿಗ್ಗೆ ನೋಡಿದರೆ ಬೆಕ್ಕು ಮಂಚದ ಕೆಳಗಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಈಚೆಗೆ ಎಳೆದರೆ ಹಿಂದಿನ ಕಾಲುಗಳು ನಿಲ್ಲದೆ ಅತ್ತಿತ್ತ ತೊನೆದು ಕುಸಿದುಬಿದ್ದವು. ಮೈ ಸಣ್ಣಗೆ ನಡುಗುತ್ತಿತ್ತು, ಕಿವಿ ಮುಟ್ಟಿದರೆ ತಣ್ಣಗೆ. ಆ ಗಾಬರಿಯಲ್ಲಿ ನನಗೆ ಹೊಳೆದ ಮೊದಲ ವಿಚಾರ ಏನು ಗೊತ್ತೆ? ಹುಲಿಗೆಮ್ಮಕ್ಕ ಇದಕ್ಕೆ ಏನು ತಿನ್ನಿಸಿದಳು ಎಂಬುದು. ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕಾಂಪೌಂಡಿನ ಬಳಿ ಹೋಗಿ ಕೂಗಿದೆ. ಅವಳು ಕೈಯಲ್ಲಿ ಮೊರ ಹಿಡಿದುಕೊಂಡೇ ಬಂದಳು.

"ಅಕ್ಕಾ, ನಿನ್ನೆ ಇದಕ್ಕ ಏನು ಹಾಕಿದ್ರಿ?"

"ಏನು ಹಾಕ್ತೀನ್ರಿ, ದಿನಾ ಹಾಕೋದಾ. ಅನ್ನ, ಒಂದೀಟು ಒಣಮೀನು." ಬೆಕ್ಕನ್ನು ನೋಡಿದವಳೇ ಮೊರ ಕೆಳಗಿಟ್ಟಳು. "ಅಯ್ಯೋ ಏನಾತ್ರಿ ಇದಕ್ಕ?"

"ಒಣಮೀನು ಯಾವಾಗಿಂದು?"

"ಹೋದ ತಿಂಗಳು ತಂದಿದ್ದು. ನಾನೂ ಅದನ್ನಾ ಉಂಡೀನ್ರಿ."

"ಕೆಟ್ಟಿರಬೇಕು ನೋಡ್ರಿ. ಇಲ್ಲಾಂದ್ರ ಇಲಿಗೆ ಅಂತ ಏನಾರ ಇಟ್ಟಿದ್ರೇನು?"

ಅವಳು ನನ್ನ ಮುಖವನ್ನೇ ನೋಡಿದಳು. "ಬೆಕ್ಕಿದ್ದ ಮನಿಯಾಗ ಇಲಿ ಪಾಷಾಣ ಯಾರಿಡ್ತಾರ ಮೇಷ್ಟ್ರ?"

ಅಲ್ಲಿಗೆ ಬಿಡಬೇಕಿತ್ತು. ನಾನು ಬಿಡಲಿಲ್ಲ. ಹಳೆಯ ಮೀನಿನಲ್ಲಿ ಬ್ಯಾಕ್ಟೀರಿಯಾ ಹೇಗೆ ಬೆಳೆಯುತ್ತವೆ, ವಿಷ ಹೇಗೆ ಉಂಟಾಗುತ್ತದೆ, ಆಹಾರ ಇಟ್ಟುಕೊಳ್ಳುವುದರಲ್ಲಿ ನಾವು ಎಷ್ಟು ಜಾಗ್ರತೆ ವಹಿಸಬೇಕು ಎಂದು ಎಂಟನೇ ತರಗತಿಯ ಪಾಠವೊಂದನ್ನು ಕಾಂಪೌಂಡಿನ ಮೇಲಿಂದಲೇ ಒಪ್ಪಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. "ಮೊದ್ಲು ದವಾಖಾನಿಗೆ ನಡೀರಿ" ಎಂದು ಹಳೆಯ ಸೀರೆಯೊಂದನ್ನು ತಂದು ಬೆಕ್ಕನ್ನು ಸುತ್ತಿ ಎದೆಗವಚಿಕೊಂಡಳು. ನಾನು ಸ್ಕೂಟರ್ ತೆಗೆದೆ.

ಪಶು ಆಸ್ಪತ್ರೆಯ ಅಂಗಳದಲ್ಲಿ ಗುಡೇಕೋಟೆ ಕಡೆಯ ಕುರಿಗಾರನೊಬ್ಬ ಟಗರನ್ನು ಹಿಡಿದು ನಿಂತಿದ್ದ. ಕಂಬಕ್ಕೊಂದು ಎಮ್ಮೆ ಕಟ್ಟಿತ್ತು. ಇಸ್ತ್ರಿ ಅಂಗಿ ತೊಟ್ಟ ನಾನು, ಸೀರೆಗಂಟು ಹಿಡಿದ ಹುಲಿಗೆಮ್ಮಕ್ಕ ಅವರ ನಡುವೆ ನಿಂತೆವು.

"ಏನೈತ್ರಿ ಅದರಾಗ, ಕೋಳಿ ಏನು?" ಎಂದ ಕುರಿಗಾರ.

"ಬೆಕ್ಕು" ಎಂದೆ.

"ಬೆಕ್ಕಾ!" ಅವನು ಬಗ್ಗಿ ಸೀರೆ ಸರಿಸಿ ನೋಡಿದ. ಆಮೇಲೆ ಮೂಗು ಅರಳಿಸಿದ. "ಕುರಿಗೆ ಹುಳದ ಔಷಧಿ ಹೊಡದಂಗ ವಾಸನಿ ಬರ್ತೈತಲ್ರಿ?"

"ಅದು ನಂದು" ಎಂದೆ ನಾನು ಅವಸರವಾಗಿ. ಸುಳ್ಳೇನೂ ಅಲ್ಲ; ನನ್ನ ಮನೆಯಲ್ಲಿ ಮಲಗುವ ಬೆಕ್ಕಿಗೆ ನನ್ನ ವಾಸನೆ ಹತ್ತುವುದು ಹುಲಿಗೆಮ್ಮಕ್ಕನಿಗೂ ಹೊಸದಲ್ಲ. ಅವನು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಬೆಕ್ಕನ್ನು ನೋಡಿ, ಹಿಂದಕ್ಕೆ ಸರಿದು ದಾರಿ ಬಿಟ್ಟ. "ಮುಂದ ಹೋಗ್ರಿ ನೀವು. ನನ್ನ ಟಗರು ನಿಂತೈತಿ. ನಿಮ್ಮದು ಮಲಗೈತಿ."

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಬೆಕ್ಕನ್ನು ಮೇಜಿನ ಮೇಲೆ ಮಲಗಿಸಿ, ರೆಪ್ಪೆ ಬಿಡಿಸಿ ನೋಡಿದರು, ಒಸಡು ಒತ್ತಿದರು, ಮೈಯ ಬಿಸಿ ನೋಡಿದರು. "ಮೈ ತಣ್ಣಗಾಗೈತಿ. ಅಮ್ಮಾ, ಎದುರಿಗೆ ಚಾದ ಅಂಗಡಿ ಐತಿ, ಒಂದು ಬಕೆಟ್ ಬಿಸಿನೀರು ಇಸ್ಕಂಡ್ ಬರ್ರಿ" ಎಂದು ಹುಲಿಗೆಮ್ಮಕ್ಕನನ್ನು ಕಳಿಸಿದರು. ಅವಳು ಹೊರಗೆ ಹೋದ ಮೇಲೆ ಬೆಕ್ಕಿನ ಕತ್ತಿಗೆ ಮೂಗು ಹತ್ತಿರ ತಂದು ತಲೆಯೆತ್ತಿದರು.

"ಏನು ಹಚ್ಚೀರಿ ಇದಕ್ಕ?"

"ಏನಿಲ್ಲ ಸಾರ್. ನೈಸರ್ಗಿಕವಾದದ್ದು."

"ಎಕ್ಕದ ಹಾಲೂ ನೈಸರ್ಗಿಕಾನ. ಕಣ್ಣಿಗೆ ಬಿಟ್ಕಂತೀರೇನು? ಏನು ಹಚ್ಚೀರಿ ಹೇಳ್ರಿ."

ಹೇಳಿದೆ. ಎಷ್ಟು ಎಂದರು. ಕೆಲವು ಹನಿ ಎಂದೆ. ಕೆಲವು ಅಂದರೆ ಎಷ್ಟು ಎಂದರು. ಅರ್ಧ ಸೀಸೆ ಎಂದೆ. ಮನೆಯಲ್ಲಿ ಮತ್ತೇನಾದರೂ ಇದೆಯೇ ಎಂದಾಗ ಡಿಫ್ಯೂಸರಿನ ವಿಷಯವೂ ಹೊರಬಂತು, ಮುಚ್ಚಿದ ಕಿಟಕಿಗಳ ವಿಷಯವೂ ಹೊರಬಂತು. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರು ಒಂದೊಂದೇ ಚೀಟಿ ತೆಗೆದು ಮೇಜಿನ ಮೇಲಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಂದು ನಾನು ಇಟ್ಟೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೋಡ್ರಿ ಸಾರ್, ನಮ್ಮ ಲಿವರು ಈ ಎಣ್ಣಿ ಒಂದೀಟು ಒಳಗ ಹೋದ್ರ ಅರಗಿಸಿ ಹೊರಗ ಹಾಕತೈತಿ. ಬೆಕ್ಕಿನ ಲಿವರಿಗೆ ಆ ತಾಕತ್ತಿಲ್ಲ. ಚರ್ಮದಾಗಿಂದ ಇಳೀತೈತಿ, ಉಸಿರಿನಾಗ ಹೋಗತೈತಿ. ನಿಮ್ಮ ಯಂತ್ರದಾಗಿಂದ ಬರೋದು ಬರೇ ವಾಸನಿ ಅಲ್ರಿ, ಕಣ್ಣಿಗೆ ಕಾಣದಂಥ ಎಣ್ಣಿ ಹನಿ. ಹಾರಿ ಹೋಗಿ ಅದರ ಕೂದಲ ಮ್ಯಾಲೆ ಕುಂದರ್ತಾವ. ಬೆಕ್ಕು ದಿನಾಪೂರ್ತಿ ಮೈ ನೆಕ್ಕತೈತಿ. ಅಲ್ಲಿಗೆ ಹೊಟ್ಟಿಗೂ ಹೋತು. ನಾಯಿಗೂ ಇದು ಒಳ್ಳೇದಲ್ಲ, ಪಕ್ಷಿಗಳಿಗಂತೂ ಗಾಳಿಯಾಗಿದ್ರ ಸಾಕು. ಏನಾರ ತಿಳೀದಿದ್ರ ಹಚ್ಚೋಕಿಂತ ಮೊದಲು ನಮ್ಮನ್ನ ಕೇಳಬೇಕಲ್ರಿ? ಹಚ್ಚಿದ ಮ್ಯಾಲಾದ್ರೂ ಆ ಬಾಟ್ಲಿ ತರಬೇಕಲ್ರಿ?"

ದ್ರವ ಆವಿಯಾದರೆ ಮಾಯವಾಗುವುದಿಲ್ಲ, ಬೇರೆಲ್ಲೋ ಹೋಗಿ ಕೂರುತ್ತದೆ. ಇದನ್ನು ಇಪ್ಪತ್ತೆರಡು ವರ್ಷದಿಂದ ನಾನೇ ಪಾಠ ಮಾಡುತ್ತಿದ್ದೇನೆ.

"ಯಾವ ಸಬ್ಜೆಕ್ಟು ಕಲಿಸ್ತೀರಿ ಸಾರ್ ನೀವು?" ಎಂದರು ಡಾಕ್ಟರು, ಸೂಜಿಗೆ ಔಷಧಿ ಎಳೆಯುತ್ತ.

"ಹಿಂದಿ" ಎಂದೆ.

ಅಷ್ಟರಲ್ಲಿ ಹುಲಿಗೆಮ್ಮಕ್ಕ ಬಿಸಿನೀರು ತಂದಳು. ಡಾಕ್ಟರು ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿ, ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಬೆಕ್ಕಿನ ಮೈಯನ್ನು ಎರಡು ಸಲ ತೊಳೆದು, ಒರೆಸಿ, ಗೋಣಿಚೀಲ ಹೊದಿಸಿ, ಡ್ರಿಪ್ ಹಾಕಿದರು. ಜೊಲ್ಲಿಗೆಂದು ತೊಳೆದರು ಎಂದುಕೊಂಡಳು ಹುಲಿಗೆಮ್ಮಕ್ಕ. "ಎರಡು ಮೂರು ದಿನ ಬೆಚ್ಚಗ ಇಡ್ರಿ, ಗಾಳಿ ಆಡೋ ಕಡೆ. ದಿನಾ ಕರಕೊಂಡು ಬರ್ರಿ. ಉಳಿಯೋ ಗ್ಯಾರಂಟಿ ನಾನು ಕೊಡಂಗಿಲ್ಲ" ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಅವಳು ಕೇಳಿದಳು, "ಏನಂದ್ರು ರೀ ಡಾಕ್ಟ್ರು? ಯಾತಕ್ಕ ಹಿಂಗಾತಂತ?"

ಆಗ ಹೇಳಬಹುದಿತ್ತು. ನಾಲ್ಕೇ ಮಾತು. ಆದರೆ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಮಾಡಿದ ಪಾಠ ಅಡ್ಡ ಬಂತು. "ಹೊಟ್ಟಿಗೆ ಏನೋ ಆಗಬಾರದ್ದು ಹೋಗೈತಂತ್ರಿ" ಎಂದೆ. ಅದೂ ಸುಳ್ಳಲ್ಲ ನೋಡಿ. ಹೀಗೆ ಸುಳ್ಳಲ್ಲದ ಮಾತುಗಳನ್ನು ಆರಿಸಿ ಆರಿಸಿ ಆಡುವುದರಲ್ಲಿ ಅಂದು ನನಗಿದ್ದ ಜಾಣ್ಮೆ, ಹಿಂದಿನ ದಿನ ಸೀಸೆಯ ಮೇಲಿನ ಬರಹ ಓದುವುದರಲ್ಲಿ ಇದ್ದಿದ್ದರೆ ಸಾಕಿತ್ತು. ಹುಲಿಗೆಮ್ಮಕ್ಕ ತಲೆ ತಗ್ಗಿಸಿದಳು.

ಬೆಕ್ಕು ಅವಳ ಮನೆಯಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ನಾವಿಬ್ಬರೂ ಅದನ್ನು ಆಸ್ಪತ್ರೆಗೆ ಒಯ್ದು ತರುತ್ತಿದ್ದೆವು; ಡಾಕ್ಟರ ಬಳಿ ಒಳಗೆ ಹೋಗುತ್ತಿದ್ದವನು ಮಾತ್ರ ನಾನೊಬ್ಬನೇ. ಸಂಜೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಮೊದಲ ದಿನ ಹೋದಾಗ ಒಣಮೀನಿನ ಡಬ್ಬಿಯನ್ನು ತೊಳೆದು ಅಂಗಳದಲ್ಲಿ ಬೋರಲು ಹಾಕಿದ್ದಳು. ಇದ್ದ ಮೀನನ್ನೆಲ್ಲ ಗುಂಡಿ ತೋಡಿ ಹೂತಿದ್ದಳಂತೆ. ಎರಡನೇ ದಿನ ಅಡುಗೆಮನೆಯ ಅಷ್ಟೂ ಡಬ್ಬಿಗಳನ್ನು ಹೊರಗೆ ತಂದು ಬೂದಿ ಹಾಕಿ ತಿಕ್ಕುತ್ತಿದ್ದಳು. ನಾನು ಬುಟ್ಟಿಯಲ್ಲಿದ್ದ ಬೆಕ್ಕಿನ ತಲೆ ಸವರಿ, "ಆರಾಮ ಆಗತೈತಿ ಬಿಡ್ರಿ ಅಕ್ಕಾ" ಎಂದು ದೊಡ್ಡ ಮನುಷ್ಯನಂತೆ ಸಮಾಧಾನ ಹೇಳಿ ಬಂದೆ.

ಮೂರನೇ ದಿನ ಸಂಜೆ ಹೋದರೆ ಅವಳು ಹೊಸ್ತಿಲ ಮೇಲೆ ಸುಮ್ಮನೆ ಕೂತಿದ್ದಳು. ಮುಂದೆ ಬೆಕ್ಕು ಮಲಗಿತ್ತು.

"ಶಾಲಿಗೆ ಹೋಗಿರಲಿಲ್ಲೇನಕ್ಕಾ ಇವತ್ತು?"

"ಇಲ್ರಿ. ಇನ್ ಮ್ಯಾಲೆ ಬರಂಗಿಲ್ಲ ಅಂತ ಹೆಡ್ ಮೇಡಂಗೆ ಹೇಳಿಬಿಟ್ಟೆ."

"ಯಾಕ್ರಿ?"

"ಅಲ್ರಿ ಮೇಷ್ಟ್ರ," ಅವಳು ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ಮೀನು ಕೆಟ್ಟಿದ್ದು ನನಗ ಗೊತ್ತಾಗಲಿಲ್ಲ. ಮೂಸಿ ನೋಡೇ ಹಾಕಿದ್ದೆ, ಚೊಲೋ ಐತಿ ಅನ್ನಿಸ್ತು. ನಾನೂ ಉಂಡೆ. ಅಂದ್ರ ನನ್ನ ಮೂಗು ಕೆಟ್ಟೈತಿ. ನಾಳಿ ಶಾಲ್ಯಾಗ ಬ್ಯಾಳಿ ಕೆಟ್ಟಿದ್ದು ಗೊತ್ತಾಗಲಿಲ್ಲ ಅಂದ್ರ? ಸಣ್ಣ ಸಣ್ಣ ಕೂಸುಗಳು ರೀ. ಎದ್ದು ಹೇಳಾಕೂ ಬರಂಗಿಲ್ಲ ಅವಕ್ಕ. ಬ್ಯಾಡ್ರಿ, ನನಗ ಅಂಜಿಕಿ ಆಗತೈತಿ."

ಅವಳ ಎದುರಿನ ಕಟ್ಟೆಯ ಮೇಲೆ ಕೂತೆ. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಡಿಫ್ಯೂಸರಿನಿಂದ ಶುರು ಮಾಡಿದೆ. ಅವಳಿಗೆ ಅದು ತಿಳಿಯಲಿಲ್ಲ. ಕೊನೆಗೆ, "ಅಕ್ಕಾ, ಮೀನು ಚೊಲೋ ಇತ್ರಿ. ಬೆಕ್ಕಿಗೆ ಎಣ್ಣಿ ಹಚ್ಚಿದ್ದು ನಾನು. ಅದಾ ವಿಷ ಆಗಿದ್ದು. ಡಾಕ್ಟ್ರು ಅವತ್ತಾ ಹೇಳಿದ್ರು" ಎಂದೆ.

ಅವಳು ಬೆಕ್ಕಿನ ಕಡೆ ಕೈ ತೋರಿಸಿದಳು.

"ಅದು ಮೂಕಪ್ರಾಣಿ, ಹೇಳಾಕ ಬರಲಿಲ್ಲ. ಬಾಯಿ ಇದ್ದ ನೀವು ಮೂರು ದಿನ ಹೆಂಗ್ರಿ ಸುಮ್ಕ ಇದ್ರಿ?"

ಅವಳು ಎದ್ದು ಬೆಕ್ಕಿನ ಬುಟ್ಟಿ ಎತ್ತಿಕೊಂಡಳು. "ಹೋಗ್ರಿ ಮೇಷ್ಟ್ರ. ಒಲಿ ಮ್ಯಾಲೆ ಅನ್ನ ಸೀಯಾಕತ್ತೈತಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕುವ ಮೊದಲು ನಾನು ಕೂತಲ್ಲಿಂದ ಅಡುಗೆಮನೆ ಕಂಡಿತ್ತು. ಒಲೆಯ ಮೇಲೆ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಎಂದಿನ ಹೊತ್ತಿಗೆ ಶಾಲೆಗೆ ಹೋದದ್ದನ್ನು ಕಿಟಕಿಯಿಂದ ನೋಡಿದೆ. ಬೆಕ್ಕು ಐದನೇ ದಿನ ಎದ್ದು ಅನ್ನ ಮುಟ್ಟಿತು. ಇದನ್ನೂ ಕಿಟಕಿಯಿಂದಲೇ ನೋಡಿದ್ದು.

ಶನಿವಾರ ಶಾಂತಾ ಬಂದಳು. ಎಲ್ಲ ಕೇಳಿ, ಕನ್ನಡಕ ಹಾಕಿಕೊಂಡು ಸೀಸೆಯನ್ನು ದೀಪಕ್ಕೆ ಹಿಡಿದು ಓದಿದಳು. "ಮಕ್ಕಳು ಮತ್ತು ಸಾಕುಪ್ರಾಣಿಗಳಿಂದ ದೂರವಿಡಿ. ಓದಾಕ ಬರತೈತಿಲ್ರಿ ನಿಮಗ?" ಎಂದಳು. ಅಕ್ಷರ ಸಣ್ಣವು ಎಂದೆ. "ಬೆಕ್ಕು ಅದಕ್ಕಿಂತ ದೊಡ್ಡದಿತ್ತಲ್ಲ" ಎಂದಳು. ಭಾನುವಾರವಿಡೀ ಇಬ್ಬರೂ ಸೇರಿ ಪರದೆ ಒಗೆದೆವು, ಹಾಸಿಗೆ ಬಿಸಿಲಿಗೆ ಹಾಕಿದೆವು, ನೆಲ, ಮಂಚದ ಕಾಲು, ಸ್ಟೂಲು ಎಲ್ಲವನ್ನೂ ಸೋಪಿನ ನೀರಿನಿಂದ ಒರೆಸಿದೆವು. ಉಳಿದ ಎಣ್ಣೆ ಚೆಲ್ಲಿದ ಮೇಲೆ ಖಾಲಿ ಸೀಸೆಗಳೂ ಯಂತ್ರವೂ ರಟ್ಟಿನ ಡಬ್ಬಕ್ಕೆ ಹೋದವು. ಈಗ ಮೂಗು ಕಟ್ಟಿದರೆ ಬರೀ ಬಿಸಿನೀರಿನ ಪಾತ್ರೆ ಮುಂದಿಟ್ಟುಕೊಂಡು, ಟವೆಲ್ ಹೊದ್ದು, ಅಂಗಳದಲ್ಲಿ ಕೂತು ಹಬೆ ತೆಗೆದುಕೊಳ್ಳುತ್ತೇನೆ. ಹಾದುಹೋಗುವವರು ಮನೆಯೊಳಗೆ ಏನೋ ಜಗಳವಾಗಿರಬೇಕೆಂದು ಕನಿಕರದಿಂದ ನೋಡುತ್ತಾರೆ.

ಮನೆ ಎಷ್ಟು ತೊಳೆದರೂ ಬೆಕ್ಕು ಬರಲಿಲ್ಲ. ಹೊಸ್ತಿಲವರೆಗೆ ಬಂದು, ಮೂಗು ಮುಂದೆ ಚಾಚಿ, ತಿರುಗಿ ಹೋಗುತ್ತಿತ್ತು. ಹುಲಿಗೆಮ್ಮಕ್ಕ ಮಾತು ಬಿಟ್ಟಿದ್ದಳು. ಆದರೆ ಓಣಿಗೆ ನಲ್ಲಿಯ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಯಾರಾದರೂ ಕೂಗಿ ಹೇಳದಿದ್ದರೆ ನನ್ನಂಥವನಿಗೆ ತಿಳಿಯುವುದೇ ಇಲ್ಲ. ಅವಳು ಕಾಂಪೌಂಡಿನ ಬಳಿ ನಿಂತು, "ಏ ಬೆಕ್ಕ, ನಳ ಬಂದೈತಿ ನೋಡು, ಕೊಡ ಇಡೋರು ಇಟ್ಕಳ್ಳಿ" ಎಂದು ಗಟ್ಟಿಯಾಗಿ ಬೆಕ್ಕಿಗೆ ಹೇಳುತ್ತಿದ್ದಳು. ನಾನು ಓಡಿ ಹೋಗಿ ಕೊಡ ಇಡುತ್ತಿದ್ದೆ. ಹೀಗೆ ಒಂದೂವರೆ ತಿಂಗಳು ನಡೆಯಿತು. ಅಷ್ಟು ಸಿಟ್ಟಿನಲ್ಲೂ ನನ್ನನ್ನು ನೀರಿಲ್ಲದೆ ಇರಲು ಅವಳು ಬಿಡಲಿಲ್ಲ.

ಆಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ನಮಗೆ ಎರಡು ದಿನದ ತರಬೇತಿ ಬಂತು. ಎರಡನೇ ದಿನ ಮುಗಿಸಿ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಸಂತೆ. ಒಂದು ಮೂಲೆಯಲ್ಲಿ ಹೆಂಗಸೊಬ್ಬಳು ಡ್ಯಾಮಿನ ಹಿನ್ನೀರಿನ ಒಣಮೀನು ಗುಡ್ಡೆ ಹಾಕಿಕೊಂಡು ಕೂತಿದ್ದಳು. ದಾಟಿ ಹೋದವನು ತಿರುಗಿ ಬಂದೆ. ನಾನು ಹುಟ್ಟಿದಾರಭ್ಯ ಒಣಮೀನು ಕೊಂಡವನಲ್ಲ.

"ಚೊಲೋದು ಯಾವುದಮ್ಮ?" ಎಂದೆ.

"ಎಲ್ಲಾ ಚೊಲೋದಾ ರೀ. ಮೂಸಿ ನೋಡ್ರಿ."

ಮೂಸಿದೆ. ಕಣ್ಣಲ್ಲಿ ನೀರು ಬಂತು. ಪಂಡಿತನಂತೆ ತಲೆಯಾಡಿಸಿ, ಬೆರಳು ತೋರಿಸಿ, ಆ ಗುಡ್ಡೆಯದೇ ಬೇಕೆಂದು ಕಟ್ಟಿಸಿಕೊಂಡೆ. ಪೇಪರು, ಅದರ ಮೇಲೆ ಎರಡು ಪ್ಲಾಸ್ಟಿಕ್ ಚೀಲ, ಅದರ ಮೇಲೆ ತರಬೇತಿಯಲ್ಲಿ ಕೊಟ್ಟ ಬಟ್ಟೆಯ ಬ್ಯಾಗು. ಬಸ್ಸು ಊರು ದಾಟುವುದರೊಳಗೆ ಮುಂದಿನ ಸೀಟಿನವರು ಸೆರಗು ಮೂಗಿಗೆ ಹಿಡಿದರು. ಹಿಂದಿನವರು ಕೆಮ್ಮಿದರು. ಕಂಡಕ್ಟರು ನಡುವೆ ನಿಂತು, "ಯಾರ್ರೀ ಅದು ಮೀನು?" ಎಂದು ಕೂಗಿದ. ಸುಮ್ಮನಿದ್ದುಬಿಡೋಣ ಎನ್ನಿಸಿತು. ಅಭ್ಯಾಸವಿತ್ತಲ್ಲ. ಆದರೆ ಕೈ ತಾನಾಗಿ ಮೇಲೆದ್ದಿತು. ಇಡೀ ಬಸ್ಸು ತಿರುಗಿ, ಇಸ್ತ್ರಿ ಅಂಗಿಯ, ಕಂಕುಳಲ್ಲಿ ಕಡತ ಹಿಡಿದ ನನ್ನನ್ನು ನೋಡಿತು. "ಸಾರ್, ನೀವಾ?" ಎಂದ ಕಂಡಕ್ಟರು ಬೇಸರದಿಂದ. "ಹಿಂದಿನ ಸೀಟಿಗೆ ಹೋಗ್ರಿ." ಕೂಡ್ಲಿಗಿಯವರೆಗೆ ಆರು ಜನ ಕೂರುವ ಸೀಟಿನಲ್ಲಿ ನಾನೊಬ್ಬನೇ ಕೂತು ಬಂದೆ. ರಸ್ತೆಯ ಪ್ರತಿ ಉಬ್ಬಿಗೂ ನಾನೂ ಮೀನೂ ಒಟ್ಟಿಗೆ ಎಗರಿ ಒಟ್ಟಿಗೆ ಬಿದ್ದೆವು.

ನೇರವಾಗಿ ಹುಲಿಗೆಮ್ಮಕ್ಕನ ಮನೆಗೆ ಹೋದೆ. ಅವಳು ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಬೆಕ್ಕು ಎಲ್ಲಿತ್ತೋ ಬಂದು ನನ್ನ ಪ್ಯಾಂಟಿಗೆ ಮೈ ಉಜ್ಜಿ, ಎರಡು ಕಾಲಿನ ಮೇಲೆ ನಿಂತು ಬ್ಯಾಗಿಗೆ ಪಂಜ ಹಾಕಿತು. ಒಂದೂವರೆ ತಿಂಗಳ ಮೇಲೆ ಅದು ನನ್ನನ್ನು ಮುಟ್ಟಿದ್ದು. ಬ್ಯಾಗನ್ನು ಕಟ್ಟೆಯ ಮೇಲಿಟ್ಟು, "ನನ್ನಿಂದ ನೀವು ಹೂತ ಮೀನಿನ ಬದ್ಲಿಗೆ" ಎಂದಷ್ಟೇ ಹೇಳಲು ಬಂತು.

ಹುಲಿಗೆಮ್ಮಕ್ಕ ಪೇಪರು ಬಿಡಿಸಿದಳು. ಒಂದು ಮೀನನ್ನು ಎತ್ತಿ ಮೂಗಿನ ಬಳಿ ತಂದಳು. ಹುಬ್ಬು ಗಂಟಿಕ್ಕಿತು. ಇನ್ನೊಂದು ಎತ್ತಿದಳು.

"ಎಲ್ಲಿ ತಂದ್ರಿ ಇದನ್ನ?"

"ಬೊಮ್ಮನಹಳ್ಳಿ ಸಂತ್ಯಾಗ."

"ಮೂಸಿ ತಂದ್ರೋ ಹಂಗಾ ತಂದ್ರೋ?"

"ಮೂಸೇ ತಂದೆ ಅಕ್ಕಾ."

"ಮೂಸಿದ್ರಂತ," ಎಂದಳು ಬೆಕ್ಕಿಗೆ. ಆಮೇಲೆ ನನ್ನ ಕಡೆ ತಿರುಗಿ, "ಅರ್ಧಕ್ಕರ್ಧ ಕೆಟ್ಟಾವ ಮೇಷ್ಟ್ರ. ಹೊಸಾದರಾಗ ಹಳೇದು ಬೆರಸಿ ನಿಮ್ಮ ತಲಿಗೆ ಕಟ್ಯಾರ" ಎಂದು, ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ, ಮೀನನ್ನೆಲ್ಲ ಕಟ್ಟೆಯ ಮೇಲೆ ಸುರಿದಳು. ಒಂದೊಂದನ್ನೇ ಎತ್ತಿ, ಮೂಗಿಗೆ ಹಿಡಿದು, ಕೆಟ್ಟದ್ದು ಎಡಕ್ಕೆ, ಒಳ್ಳೆಯದು ಬಲಕ್ಕೆ ಹಾಕತೊಡಗಿದಳು. ಅವಳ ಕೈ ಎಲ್ಲೂ ತಡೆಯಲಿಲ್ಲ, ಯಾವುದನ್ನೂ ಎರಡನೇ ಸಲ ಮೂಸಲಿಲ್ಲ. ಬಲಗಡೆಯ ಗುಡ್ಡೆಯಿಂದ ಬೆಕ್ಕು ಒಂದನ್ನು ಎಳೆದುಕೊಂಡು ಹೋದದ್ದನ್ನು ನೋಡಿಯೂ ಸುಮ್ಮನಿದ್ದಳು.

"ಯಾಕ ನಿಂತೀರಿ, ಕುಂದರ್ರಿ" ಎಂದಳು. ಕೂತೆ. ಎರಡು ಗುಡ್ಡೆಯಿಂದ ಒಂದೊಂದು ಮೀನು ಎತ್ತಿ ನನ್ನ ಮುಂದೆ ಹಿಡಿದಳು. "ಇದನ್ನ ಮೂಸ್ರಿ. ಈಗ ಇದನ್ನ ಮೂಸ್ರಿ. ಯಾವುದು ಚೊಲೋದು ಹೇಳ್ರಿ ನೋಡೂಣು."

ಎರಡನ್ನೂ ಮೂಸಿದೆ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಮೂಸಿದೆ. ಏನಾದರೊಂದು ಹೇಳಿಬಿಡೋಣ, ಅರ್ಧಕ್ಕರ್ಧ ಸರಿಯಾಗುವ ಸಂಭವವಿದೆ ಎಂದು ಲೆಕ್ಕ ಹಾಕಿದೆ.

"ಗೊತ್ತಾಗವಲ್ದು ಅಕ್ಕಾ" ಎಂದೆ.

"ಗೊತ್ತಾಗಂಗಿಲ್ಲ ಒಮ್ಮಿಗೇ" ಎಂದು ಹುಲಿಗೆಮ್ಮಕ್ಕ ಮೀನನ್ನು ನನ್ನ ಕೈಗೇ ಕೊಟ್ಟಳು. "ಅವಸರ ಮಾಡಬ್ಯಾಡ್ರಿ. ಮತ್ತೊಮ್ಮೆ ಮೂಸ್ರಿ."